ಸ್ಪ್ಯಾನಿಷ್‌ಗೆ ಹಳ್ಳಿಗನ್ನಡದ ದಾರಿ

ಸ್ಪ್ಯಾನಿಷ್ ಕಲಿಯುತ್ತಿದ್ದೇನೆ ಅಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಗಳು ಮೂರು. ಮೊದಲನೆಯದು, ‘ಇಂಗ್ಲಿಷೇ ನೆಟ್ಟಗೆ ಬರಲ್ಲ, ಸ್ಪ್ಯಾನಿಷ್ ಯಾಕಮ್ಮ?’ ಎರಡನೆಯದು, ‘ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅದೆಲ್ಲ ತಲೆಗೆ ಹತ್ತುತ್ತಾ?’ ಮೂರನೆಯದು ಹುಣಸೂರು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ನಮ್ಮಪ್ಪನದು: ‘ಅದು ಅನ್ನ ಹಾಕೀತಾ ಮಗಾ?’

ಮೊದಲ ಎರಡು ಪ್ರಶ್ನೆಗಳಿಗೆ ಈಗ ನನ್ನ ಹತ್ತಿರ ಗಟ್ಟಿ ಉತ್ತರವಿದೆ. ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್ ಮೆಟ್ಟಿಲು ಹತ್ತಿಯೇ ಹೋಗಬೇಕೆಂದಿಲ್ಲ. ಕನ್ನಡದಿಂದ ನೇರ ದಾರಿಯಿದೆ, ಹಲವು ಕಡೆ ಅದೇ ಹತ್ತಿರದ ದಾರಿ. ಹಳ್ಳಿಯಲ್ಲಿ ಆಡುವ ಕನ್ನಡ ಮತ್ತು ಹೈಸ್ಕೂಲಿನಲ್ಲಿ ಕಲಿತ ವ್ಯಾಕರಣ ಎರಡೂ ಕೈಯಲ್ಲಿದ್ದರೆ ಇನ್ನೂ ಹತ್ತಿರ. ಅಪ್ಪನ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ಅದರ ಬಗ್ಗೆಯೂ ಬರೆಯುತ್ತೇನೆ.

ಎಂಟನೇ ಕ್ಲಾಸಿನ ಬೆಂಚಿನಲ್ಲಿ

ನಾನು ಬಿ.ಕಾಂ. ಮುಗಿಸಿ ಮೈಸೂರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಸಂಜೆ ಆರಕ್ಕೆ ಕೆಲಸ ಬಿಟ್ಟರೆ ಆರೂವರೆಗೆ ಕ್ಲಾಸು. ನಮ್ಮ ಸ್ಪ್ಯಾನಿಷ್ ಕ್ಲಾಸು ನಡೆಯುವುದು ಸರಸ್ವತಿಪುರಂ ಕಡೆಯ ಒಂದು ಹೈಸ್ಕೂಲಿನ ಕೊಠಡಿಯಲ್ಲಿ. ಮಕ್ಕಳು ಮನೆಗೆ ಹೋದ ಮೇಲೆ ಆ ಕೊಠಡಿ ನಮ್ಮದು. ಎಂಟನೇ ತರಗತಿಯವರ ಬೆಂಚು, ಡೆಸ್ಕಿನ ಮೇಲೆ ಕೈವಾರದಲ್ಲಿ ಕೆತ್ತಿದ ಹೆಸರುಗಳು, ಗೋಡೆಯಲ್ಲಿ ಆವರ್ತ ಕೋಷ್ಟಕ. ಎ1 ಹಂತದಲ್ಲಿ ನಾವು 22 ಜನ ಇದ್ದೆವು. ಎ2 ಮುಗಿಯುವಾಗ 12. ಈಗ ಬಿ2 ಬ್ಯಾಚಿನಲ್ಲಿ ಉಳಿದಿರುವುದು ಏಳೇ ಜನ. ಒಬ್ಬರು ಆಸ್ಪತ್ರೆಯ ನರ್ಸ್, ಇಬ್ಬರು ಸಾಫ್ಟ್‌ವೇರ್‌ನವರು, ಮೂವರು ಕಾಲೇಜು ವಿದ್ಯಾರ್ಥಿಗಳು, ಜೊತೆಗೆ ನಾನು. ಕನ್ನಡ ಮೀಡಿಯಂನಿಂದ ಬಂದವಳು ನಾನೊಬ್ಬಳೇ.

ಈ ಎ1, ಬಿ2 ಎಂದರೇನು ಎಂದು ಕೇಳುವವರಿಗೆ: ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಅಳತೆಗೋಲಿನ ಪ್ರಕಾರ ಭಾಷಾ ಕಲಿಕೆಗೆ ಆರು ಮೆಟ್ಟಿಲು. ಎ1, ಎ2 ಆರಂಭ; ಬಿ1, ಬಿ2 ನಡುವಿನದು; ಸಿ1, ಸಿ2 ತುದಿ. ಹೆಸರು, ಊರು, ತಿಂಡಿ, ಟಿಕೆಟ್ ಇವೆಲ್ಲ ಎ1-ಎ2ರಲ್ಲಿ ಮುಗಿಯುತ್ತವೆ. ಬಿ2 ಎಂದರೆ ಆ ಭಾಷೆಯವರ ಜೊತೆ ತಡವರಿಸದೆ ಮಾತಾಡಬೇಕು, ಪತ್ರಿಕೆಯ ಲೇಖನ ಓದಿ ಅದನ್ನು ಒಪ್ಪುತ್ತೀರೋ ಇಲ್ಲವೋ ಕಾರಣ ಕೊಟ್ಟು ಬರೆಯಬೇಕು. 22 ಜನ ಏಳಾಗುವುದು ಈ ಎರಡರ ನಡುವಿನ ಏರಿನಲ್ಲಿ.

ಞ, ಱ ಮತ್ತು ಬಾಯಿಗೆ ಬಾರದ ಹ

ಉಚ್ಚಾರಣೆಯಿಂದಲೇ ಶುರು ಮಾಡೋಣ. ಸ್ಪ್ಯಾನಿಷ್ ಹೆಚ್ಚುಕಡಿಮೆ ಬರೆದಂತೆಯೇ ಓದುವ ಭಾಷೆ. ಇಂಗ್ಲಿಷಿನ ಹಾಗೆ ಒಂದೊಂದು ಪದಕ್ಕೂ ಸ್ಪೆಲ್ಲಿಂಗ್ ಬಾಯಿಪಾಠ ಬೇಡ. ಕಾಗುಣಿತ ಬಲ್ಲವರಿಗೆ ಇದು ಮೊದಲ ದಿನವೇ ಸಿಗುವ ನೆಮ್ಮದಿ. ಅದರ ‘ತ’, ‘ದ’ ನಮ್ಮ ತ, ದಗಳ ಹಾಗೆಯೇ ನಾಲಿಗೆ ಹಲ್ಲಿಗೆ ತಾಗಿ ಬರುತ್ತವೆ. ಟೊಮೆಟೊಗೆ ಅಲ್ಲಿ ‘ತೊಮಾತೆ’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ‘ಟ’ ಎಂದು ಹೊರಳುವ ನಾಲಿಗೆಯನ್ನು ತಿದ್ದಲು ನಮ್ಮ ಕ್ಲಾಸಿನಲ್ಲಿ ವಾರಗಳೇ ಹಿಡಿದವು. ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ನನಗೆ ಆ ತೊಡಕು ಬರಲೇ ಇಲ್ಲ.

ಒಂದನೇ ಕ್ಲಾಸಿನಲ್ಲಿ ಚ ಛ ಜ ಝ ಞ ಎಂದು ಹಾಡಿ, ಆಮೇಲೆ ಬಳಸದೆ ಬಿಟ್ಟ ಆ ‘ಞ’ ನೆನಪಿದೆಯೇ? ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಕೈತುಂಬ ಕೆಲಸ. ಅವರ ದೇಶದ ಹೆಸರೇ ‘ಎಸ್ಪಾಞ’. ಭಾಷೆ ‘ಎಸ್ಪಾಞೋಲ್’. ನಾಳೆಗೆ ‘ಮಞಾನ’. ಈ ದನಿಯನ್ನು ಇಂಗ್ಲಿಷಿನಲ್ಲಿ ಎರಡಕ್ಷರ ಜೋಡಿಸಿ ವಿವರಿಸಬೇಕು. ನಮಗೆ ಒಂದೇ ಅಕ್ಷರ ಸಾಕು.

ಇನ್ನೊಂದು ‘ರ’ಕಾರ. ಸ್ಪ್ಯಾನಿಷ್‌ನಲ್ಲಿ ಎರಡು ರ ಇವೆ. ‘ಪೆರೊ’ ಎಂದರೆ ‘ಆದರೆ’. ಅದೇ ರಕಾರವನ್ನು ನಾಲಿಗೆ ಕಂಪಿಸಿ ಒತ್ತಿ ಹೇಳಿದರೆ ‘ಪೆಱೊ’, ಅಂದರೆ ನಾಯಿ. ಹಳಗನ್ನಡದಲ್ಲೂ ಎರಡು ರಕಾರಗಳಿದ್ದವು; ಗಡಸಾದ ಆ ‘ಱ’ವನ್ನು ಶಕಟರೇಫ ಎನ್ನುತ್ತಿದ್ದರು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಇಂದು ನಾವು ಹಸುವನ್ನು ‘ಕರೆ’ದರೂ, ಹಾಲು ‘ಕರೆ’ದರೂ ಒಂದೇ ಪದ. ಆಗ ಕೂಗುವುದಕ್ಕೆ ‘ಕರೆ’, ಹಾಲಿಗೆ ‘ಕಱೆ’. ಆ ಭೇದ ನಮ್ಮ ಬಾಯಿಂದ ಹೋಗಿ ಶತಮಾನಗಳಾದವು. ಆದರೂ ಒಂದು ರಕಾರ ಬದಲಾದರೆ ಅರ್ಥವೇ ಬದಲಾಗುತ್ತದೆ ಎನ್ನುವುದು ಕನ್ನಡದವರಿಗೆ ವಿಚಿತ್ರ ಅನ್ನಿಸಬೇಕಾಗಿಲ್ಲ.

ಇನ್ನು ‘ಹ’. ನಮ್ಮೂರ ಕಡೆ ಹಾಲಿಗೆ ‘ಆಲು’, ಹಸುವಿಗೆ ‘ಅಸ’, ಹೋಗಿಗೆ ‘ಓಗಿ’ ಎನ್ನುತ್ತಾರೆ. ಪಿಯುಸಿಗೆ ಪಟ್ಟಣಕ್ಕೆ ಬಂದಾಗ ಈ ಕಾರಣಕ್ಕೆ ನಕ್ಕವರು ಬಹಳ. ‘ಅಕಾರ ಹಕಾರ ಗೊತ್ತಿಲ್ಲದವರು’ ಎಂಬ ಮಾತು ಹಳ್ಳಿಯಿಂದ ಬಂದ ಹಲವರು ಕೇಳಿರುತ್ತೀರಿ. ಸ್ಪ್ಯಾನಿಷ್‌ನಲ್ಲಿ ಹ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ನಮಸ್ಕಾರಕ್ಕೆ ಬಳಸುವ ಪದ ಹಕಾರದಿಂದ ಶುರುವಾದರೂ ಹೇಳುವುದು ‘ಓಲಾ’. ದೊಡ್ಡ ದೊಡ್ಡ ಪ್ರೊಫೆಸರರೂ ಹಾಗೆಯೇ ಹೇಳುತ್ತಾರೆ, ಯಾರೂ ನಗುವುದಿಲ್ಲ.

ಇದರ ಹಿಂದಿನ ಕಥೆ ಇನ್ನೂ ಸೊಗಸು. ಲ್ಯಾಟಿನ್‌ನಲ್ಲಿ ‘ಫ’ ಇದ್ದ ಎಷ್ಟೋ ಪದಗಳು ಸ್ಪ್ಯಾನಿಷ್‌ಗೆ ಬರುವಾಗ ‘ಹ’ ಆದವು, ಕೊನೆಗೆ ಆ ಹಕಾರವೂ ಬಾಯಿಂದ ಜಾರಿತು. ಹಿಟ್ಟಿಗೆ ಲ್ಯಾಟಿನ್‌ನಲ್ಲಿ ‘ಫರೀನಾ’, ಇಂದಿನ ಸ್ಪ್ಯಾನಿಷ್ ಬಾಯಲ್ಲಿ ‘ಅರೀನಾ’. ಕನ್ನಡದಲ್ಲಿ ನಡೆದದ್ದೂ ಇಂಥದ್ದೇ. ಹಳಗನ್ನಡದ ‘ಪಾಲ್’ ನಡುವೆ ‘ಹಾಲು’ ಆಯಿತು, ‘ಪುಲಿ’ ಹುಲಿಯಾಯಿತು, ‘ಪಳ್ಳಿ’ ಹಳ್ಳಿಯಾಯಿತು. ನಮ್ಮೂರವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಆಲು’, ‘ಉಲಿ’, ‘ಅಳ್ಳಿ’ ಎಂದರು. ಸ್ಪೇನ್‌ನಲ್ಲಿ ಆದರೆ ಅದು ಭಾಷೆಯ ಇತಿಹಾಸ, ಹುಣಸೂರಿನಲ್ಲಾದರೆ ನಾಲಿಗೆಯ ದೋಷವೇ? ಈ ಪಾಠವಾದ ದಿನದಿಂದ ಊರಿನ ಮಾತಿಗೆ ಯಾರಾದರೂ ನಕ್ಕರೆ ನನಗೆ ಬೇಸರವಾಗುವುದು ನಿಂತಿದೆ.

‘ನನಗೆ ಇಷ್ಟ’ದ ಗುಟ್ಟು

ಸ್ಪ್ಯಾನಿಷ್ ಕಲಿಯುವ ಇಂಗ್ಲಿಷಿನವರು ಮೊದಲು ಎಡವುವ ವಾಕ್ಯ ‘ಮೆ ಗುಸ್ತಾ ಎಲ್ ಕಫೆ’. ‘ನಾನು ಕಾಫಿಯನ್ನು ಇಷ್ಟಪಡುತ್ತೇನೆ’ ಎಂಬ ಇಂಗ್ಲಿಷ್ ಜೋಡಣೆಯಿಂದ ಹೊರಟರೆ ಇದು ತಲೆಕೆಳಗಾಗಿ ಕಾಣುತ್ತದೆ. ‘ಕಾಫಿ ನನಗೆ ಇಷ್ಟವಾಗುತ್ತದೆ’ ಎನ್ನುವುದು ಅದರ ಕ್ರಮ. ನಮಗೋ ಅದೇ ಸಹಜ. ‘ನನಗೆ ಕಾಫಿ ಇಷ್ಟ’, ‘ನನಗೆ ತಲೆ ನೋವು’, ‘ನನಗೆ ಆಶ್ಚರ್ಯ’. ಹೈಸ್ಕೂಲಿನಲ್ಲಿ ಓದಿದ ಚತುರ್ಥಿ ವಿಭಕ್ತಿ, ‘ಗೆ, ಕೆ, ಕ್ಕೆ’. ಕ್ಲಾಸಿನಲ್ಲಿ ಇದನ್ನು ಒಂದು ಗಂಟೆ ವಿವರಿಸಿದರು. ನನ್ನ ಪುಸ್ತಕದಲ್ಲಿ ನಾನು ಬರೆದುಕೊಂಡದ್ದು ಒಂದೇ ಸಾಲು: ‘ಮೆ ಅಂದ್ರೆ ನನಗೆ’.

ಗೌರವದ ಮಾತೂ ಹಾಗೆಯೇ. ಗೆಳೆಯರಿಗೆ ‘ತೂ’, ಹಿರಿಯರಿಗೆ, ಅಪರಿಚಿತರಿಗೆ ‘ಉಸ್ತೆದ್’. ನೀನು-ನೀವು ಎಲ್ಲಿ ಬಳಸಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ‘ಉಸ್ತೆದ್’ ಜೊತೆ ಕ್ರಿಯಾಪದ ಪ್ರಥಮ ಪುರುಷದಲ್ಲಿ, ಅಂದರೆ ಅವನು-ಅವಳು ಎನ್ನುವಾಗಿನ ರೂಪದಲ್ಲಿ ಬರುತ್ತದೆ ಎಂದಾಗ ಹಲವರು ತಲೆ ಕೆರೆದುಕೊಂಡರು. ನನಗೆ ನಮ್ಮ ‘ತಾವು’ ನೆನಪಾಯಿತು. ತಾನು-ತಾವು ಕೂಡ ಮೂಲದಲ್ಲಿ ಪ್ರಥಮ ಪುರುಷದ ಪದಗಳೇ, ಗೌರವಕ್ಕಾಗಿ ಎದುರಿಗಿದ್ದವರಿಗೆ ಬಂದಿವೆ.

ಭೂತಕಾಲಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಮುಖ್ಯ ರೂಪಗಳಿವೆ. ಒಮ್ಮೆ ನಡೆದು ಮುಗಿದದ್ದಕ್ಕೆ ಒಂದು, ರೂಢಿಯಾಗಿ ನಡೆಯುತ್ತಿದ್ದುದಕ್ಕೆ ಇನ್ನೊಂದು. ‘ಫುಯಿ’ ಎಂದರೆ ಹೋದೆ, ‘ಇಬಾ’ ಎಂದರೆ ಹೋಗುತ್ತಿದ್ದೆ. ‘ನಿನ್ನೆ ಸಂತೆಗೆ ಹೋದೆ’, ‘ಚಿಕ್ಕವಳಿದ್ದಾಗ ಸಂತೆಗೆ ಹೋಗ್ತಿದ್ದೆ’ ಎಂದು ದಿನಾ ಆಡುವವರಿಗೆ ಇದರಲ್ಲಿ ಹೊಸದೇನಿದೆ?

ಬಿ2 ಎಂಬ ಗೋಡೆ

ಇಷ್ಟು ಬಿ1ರ ತನಕದ ಮಾತು. ಬಿ2ರಲ್ಲಿ ಎದುರಾಗುವ ದೊಡ್ಡ ಗೋಡೆಯ ಹೆಸರು ‘ಸುಬ್‌ಹುಂತೀವೊ’. ಬ್ಯಾಚು ಅರ್ಧಕ್ಕರ್ಧ ಖಾಲಿಯಾಗುವುದು ಇಲ್ಲೇ. ನಡೆದದ್ದನ್ನು, ನಡೆಯುತ್ತಿರುವುದನ್ನು ಹೇಳಲು ಕ್ರಿಯಾಪದದ ಒಂದು ರೂಪ. ಆಸೆ, ಅನುಮಾನ, ಭಯ, ಹಾರೈಕೆ ಹೇಳಲು ಅದೇ ಕ್ರಿಯಾಪದದ ಬೇರೆಯೇ ರೂಪ. ‘ಬಿಯೆನೆ’ ಎಂದರೆ ಬರುತ್ತಾನೆ. ಆದರೆ ಅವನು ಬರುವುದು ಇನ್ನೂ ಮನಸ್ಸಿನೊಳಗೇ ಇದ್ದರೆ ‘ಬೆಂಗ’ ಎನ್ನಬೇಕು. ಇಂಗ್ಲಿಷಿನಲ್ಲಿ ಇಂಥ ರೂಪ ಹೆಚ್ಚುಕಡಿಮೆ ಸವೆದುಹೋಗಿದೆ. ಹಾಗಾಗಿ ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಪಟ್ಟಿ ಕೊಡುತ್ತವೆ: ಈ ಈ ಪದಗಳ ನಂತರ ಈ ರೂಪ, ಬಾಯಿಪಾಠ ಮಾಡಿ.

ಆ ವಾರ ನಾವು ಕ್ಲಾಸಿಗೆ ಹೋದಾಗ ಬೋರ್ಡಿನ ಮೇಲೆ ಮಧ್ಯಾಹ್ನದ ಕನ್ನಡ ಪಾಠ ಇನ್ನೂ ಅಳಿಸಿರಲಿಲ್ಲ. ‘ಕ್ರಿಯಾಪದದ ಅರ್ಥರೂಪಗಳು: ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ’ ಎಂದು ಬರೆದು, ಕೆಳಗೆ ‘ಒಳ್ಳೆಯದಾಗಲಿ’, ‘ಅವನು ಮಾಡನು’, ‘ಮಳೆ ಬಂದೀತು’ ಎಂಬ ಉದಾಹರಣೆಗಳಿದ್ದವು. ನಮ್ಮ ಮೇಡಂ ದಾವಣಗೆರೆ ಕಡೆಯವರು, ಸ್ಪ್ಯಾನಿಷ್‌ನಲ್ಲಿ ಎಂ.ಎ. ಮಾಡಿದವರು. ಡಸ್ಟರ್ ಎತ್ತಿಕೊಂಡವರು ಹಾಗೆಯೇ ನಿಂತು, ಆ ಮೂರು ಸಾಲುಗಳ ಮುಂದೆ ಸ್ಪ್ಯಾನಿಷ್ ವಾಕ್ಯಗಳನ್ನು ಬರೆಯತೊಡಗಿದರು.

‘ಒಹಲಾ ಯುಯೇಬ’ ಎಂದರೆ ‘ಮಳೆ ಬರಲಿ’. ‘ತಾಲ್ ಬೆಸ್ ಯುಯೇಬ’ ಎಂದರೆ ‘ಮಳೆ ಬಂದೀತು’. ಬರೀ ‘ಯುಯೇಬೆ’ ಎಂದರೆ ಮಳೆ ಬರುತ್ತಿದೆ, ಹೊರಗೆ ನೋಡಿದರೆ ಕಾಣುತ್ತದೆ. ಕೊನೆಯ ಸ್ವರ ಬದಲಾಗುತ್ತಲೇ ಮಳೆ ಮೋಡದಿಂದ ಮನಸ್ಸಿಗೆ ಹೋಗುತ್ತದೆ. ‘ಬರಲಿ’, ‘ಬಂದೀತು’ ಎಂಬ ಎರಡು ಕನ್ನಡ ರೂಪಗಳು ಮಾಡುವ ಕೆಲಸವನ್ನು ಸ್ಪ್ಯಾನಿಷ್‌ನಲ್ಲಿ ಒಂದೇ ರೂಪ ಮಾಡುತ್ತದೆ. ನಮ್ಮದೇ ಹೆಚ್ಚು ಶ್ರೀಮಂತ.

ಪಟ್ಟಣದ ಕನ್ನಡದಲ್ಲಿ ಈಗ ಎಲ್ಲದಕ್ಕೂ ‘ಬಹುದು’ ಬಂದುಬಿಟ್ಟಿದೆ. ಮಳೆ ಬರಬಹುದು, ಬಸ್ ಹೋಗಬಹುದು, ಬೀಳಬಹುದು. ನಮ್ಮಜ್ಜಿ ಹಾಗೆ ಮಾತಾಡುವುದಿಲ್ಲ. ‘ಮಳೆ ಬಂದೀತು, ಬಟ್ಟೆ ಎತ್ತಿಡು’, ‘ಬಿದ್ದೀಯ, ಜೋಕೆ’, ‘ಯಾರಾದ್ರೂ ನೋಡಿಯಾರು’ ಎನ್ನುತ್ತಾರೆ. ಒಂದೊಂದೂ ಸಂಭಾವನಾರ್ಥಕವೇ. ಹೆಬ್ಬೆಟ್ಟು ಒತ್ತುವ ಅಜ್ಜಿಯ ಬಾಯಲ್ಲಿ ಬಿ2 ವ್ಯಾಕರಣ ದಿನವೂ ಓಡಾಡುತ್ತಿದೆ! ಆ ವಾರದಿಂದ ಗೊಂದಲವಾದಾಗಲೆಲ್ಲ ನಾನು ಇಂಗ್ಲಿಷ್ ಪಟ್ಟಿ ನೋಡದೆ, ಇದನ್ನು ಅಜ್ಜಿ ಹೇಗೆ ಹೇಳುತ್ತಿದ್ದರು ಎಂದು ಕೇಳಿಕೊಳ್ಳುತ್ತೇನೆ. ‘ತಾನೆ’, ‘ಲಿ’, ‘ಆನು, ಈತು, ಆರು’ ಎಂದು ಬಂದರೆ ಬಹುಪಾಲು ಅಲ್ಲಿ ಸುಬ್‌ಹುಂತೀವೊ ಇರುತ್ತದೆಯೇ ಎಂದು ನೋಡುತ್ತೇನೆ. ಮೊದಲನೆಯದಕ್ಕೆ ಇರುವುದಿಲ್ಲ, ಉಳಿದವಕ್ಕೆ ಇರುತ್ತದೆ.

‘ಅದು ಅನ್ನ ಹಾಕೀತಾ?’ ಎಂದು ಅಪ್ಪ ಕೇಳಿದ್ದು ಕೂಡ ಇದೇ ರೂಪದಲ್ಲಿ. ‘ಹಾಕುತ್ತಾ?’ ಎಂದು ಕೇಳಿದ್ದರೆ ಹೌದು-ಇಲ್ಲ ಎಂದು ಮುಗಿಯುತ್ತಿತ್ತು. ‘ಹಾಕೀತಾ?’ ಎಂಬುದರಲ್ಲಿ ಆಸೆಯೂ ಇದೆ, ಅನುಮಾನವೂ ಇದೆ.

ಕನ್ನಡ ಕೈಕೊಡುವ ಕಡೆ

ಎಲ್ಲವೂ ಸಲೀಸು ಎಂದರೆ ಸುಳ್ಳಾದೀತು. ಕನ್ನಡದಲ್ಲಿ ಮನುಷ್ಯರನ್ನು ಬಿಟ್ಟರೆ ಉಳಿದದ್ದೆಲ್ಲ ಸಾಮಾನ್ಯವಾಗಿ ‘ಅದು’. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಹಿಂದಿ ಪಾಠದಲ್ಲಿ ನಮ್ಮನ್ನು ಗೋಳುಹೊಯ್ದ ಸಂಗತಿಯೇ ಇಲ್ಲೂ. ಹಿಂದಿಯಲ್ಲಿ ಹೆಣ್ಣಾದ ಪುಸ್ತಕ ಇಲ್ಲಿ ಗಂಡಾಗಿರುವುದರಿಂದ ಆ ಅಭ್ಯಾಸವೂ ಪೂರ್ತಿ ಕೆಲಸಕ್ಕೆ ಬರದು. ಪದ ಕಲಿಯುವಾಗಲೇ ಅದರ ಮುಂದಿನ ‘ಎಲ್’ ಅಥವಾ ‘ಲಾ’ ಸೇರಿಸಿ ಕಲಿಯುವುದೊಂದೇ ದಾರಿ.

ಎರಡನೆಯದು ವಾಕ್ಯದ ದಿಕ್ಕು. ‘ನಿನ್ನೆ ಗೋಕುಲಂನಲ್ಲಿ ಎಳನೀರು ಕುಡಿಯುತ್ತಿದ್ದ ಹುಡುಗಿ’ ಎಂದು ನಾವು ವಿವರಗಳನ್ನೆಲ್ಲ ಮೊದಲು ಹೇಳಿ ಕೊನೆಗೆ ಹುಡುಗಿಯನ್ನು ತರುತ್ತೇವೆ. ಸ್ಪ್ಯಾನಿಷ್‌ನಲ್ಲಿ ಹುಡುಗಿ ಮೊದಲು, ಆಮೇಲೆ ‘ಕೆ’ ಎಂಬ ಕೊಂಡಿ, ಅದರ ಹಿಂದೆ ಉಳಿದದ್ದೆಲ್ಲ. ಉದ್ದ ವಾಕ್ಯ ಮಾತಾಡುವಾಗ ಇಡೀ ರೈಲನ್ನು ಹಿಮ್ಮುಖ ತಿರುಗಿಸಿದಂತೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಗಟ್ಟಿಯಾಗಿ ಓದುವುದು. ದಿನಕ್ಕೆ ಒಂದು ಪುಟ, ಬಾಯಿಬಿಟ್ಟು.

ಮೂರನೆಯದು ಕಿವಿ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಸುಮಾರು 50 ಕೋಟಿ ಜನರ ಮನೆಮಾತು. ಮೈಸೂರು, ಧಾರವಾಡ, ಕುಂದಾಪುರ, ಕಲಬುರಗಿಯ ಕನ್ನಡಗಳು ಬೇರೆ ಬೇರೆ ಇರುವಂತೆ ಅಲ್ಲೂ ಇದೆ. ‘ಯೊ ಮೆ ಯಾಮೊ’ ಎಂದು ನಾವು ಕಲಿತದ್ದನ್ನು ಬ್ಯೂನಸ್ ಐರಿಸ್‌ನವರು ‘ಶೊ ಮೆ ಶಾಮೊ’ ಎನ್ನುತ್ತಾರೆ. ಇಲ್ಲಿ ಮೈಸೂರಿನವರಿಗೆ ಒಂದು ಅನುಕೂಲವಿದೆ. ಕೆ. ಪಟ್ಟಾಭಿ ಜೋಯಿಸರಿಂದ (1915–2009) ಹೆಸರಾದ ಅಷ್ಟಾಂಗ ಯೋಗ ಕಲಿಯಲು ಗೋಕುಲಂಗೆ ಹಲವು ದೇಶದವರು ಬರುತ್ತಾರೆ, ಅವರಲ್ಲಿ ಸ್ಪ್ಯಾನಿಷ್ ಮಾತಾಡುವವರೂ ಇರುತ್ತಾರೆ. ಹಾಗೆ ಪರಿಚಯವಾದ ಅರ್ಜೆಂಟೀನಾದ ಹಿರಿಯರೊಬ್ಬರಿಗೆ ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಬೇಕಿತ್ತು, ನನಗೆ ಅವರ ಸ್ಪ್ಯಾನಿಷ್ ಬೇಕಿತ್ತು. ಭಾನುವಾರ ಅರ್ಧ ಗಂಟೆ ಕನ್ನಡ, ಅರ್ಧ ಗಂಟೆ ಸ್ಪ್ಯಾನಿಷ್. ಯಾರೂ ಯಾರಿಗೂ ಫೀಸು ಕೊಡಲಿಲ್ಲ. ಅವರಿಗೆ ‘ಬಾಳೆಹಣ್ಣು’ ಎನ್ನಲು ಬಂದದ್ದು ಒಂದು ತಿಂಗಳ ಮೇಲೆ. ಳ, ಣ ಎರಡೂ ಒಂದೇ ಪದದಲ್ಲಿ ಬಂದರೆ ಪಾಪ ಅವರಾದರೂ ಏನು ಮಾಡಿಯಾರು?

ಅವರಿಗೆ ಹಣ್ಣುಗಳ ಹೆಸರು ಹೇಳಿಕೊಡುವಾಗ ‘ಸಪೋಟ’ ಎಂದರೆ ಅವರು ನಕ್ಕರು. ಅದು ‘ಸಪೋತೆ’, ಸ್ಪ್ಯಾನಿಷ್ ಪದ. ಮೆಕ್ಸಿಕೊದ ನಾವಾತಲ್ ಭಾಷೆಯಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಜಗತ್ತಿಗೆ ಹೋದ ಪದ. ಟೊಮೆಟೊ ಕೂಡ ಅದೇ ದಾರಿಯಲ್ಲಿ ಬಂದದ್ದು. ಸ್ಪ್ಯಾನಿಷ್‌ನ ತಂಗಿಯಂತಿರುವ ಪೋರ್ಚುಗೀಸಿನಿಂದ ನಮಗೆ ಬಂದ ಪದಗಳೂ ಇವೆ. ಗಾರೆ ಕೆಲಸದ ‘ಮೇಸ್ತ್ರಿ’ ಅಲ್ಲಿಯ ‘ಮೆಸ್ತ್ರೆ’, ಸ್ಪ್ಯಾನಿಷ್‌ನಲ್ಲಿ ‘ಮಾಯೆಸ್ತ್ರೊ’. ಶಾಲಾ ಮೇಷ್ಟ್ರಿಗೂ ಅಲ್ಲಿ ಅದೇ ಪದ. ‘ಪಾದ್ರಿ’, ‘ಅಲಮಾರು’ ಕೂಡ ಆ ಮನೆಯವೇ. ಅಪ್ಪ ಬೆಳೆಯುವ ಬೆಳೆಗೆ ಅವರು ‘ತಬಾಕೊ’ ಎನ್ನುತ್ತಾರೆ. ಇದನ್ನು ಅಪ್ಪನಿಗೆ ಹೇಳಿದಾಗ, ‘ನಮ್ ತಂಬಾಕು ಅವ್ರುದಾ? ಹಂಗಾರೆ ರೇಟ್ ಅವರನ್ನೇ ಕೇಳು’ ಅಂದರು.

ಅನ್ನದ ಪ್ರಶ್ನೆ

ಈಗ ಕೆಲಸದ ಮಾತು. ಎ1, ಎ2 ಸರ್ಟಿಫಿಕೇಟು ರೆಸ್ಯೂಮೆಯಲ್ಲಿ ಒಂದು ಸಾಲು, ಅಷ್ಟೇ. ಅದರಿಂದಲೇ ಕೆಲಸ ಸಿಗುತ್ತದೆ ಎಂದು ಹೇಳುವ ಜಾಹೀರಾತುಗಳನ್ನು ನಂಬಬೇಡಿ. ಬೆಂಗಳೂರಿನ ಕಂಪನಿಗಳು ಸ್ಪ್ಯಾನಿಷ್ ಬಲ್ಲವರನ್ನು ಕೇಳುವ ಜಾಹೀರಾತುಗಳನ್ನು ಒಂದು ವರ್ಷದಿಂದ ಗಮನಿಸುತ್ತಿದ್ದೇನೆ. ನಾನು ನೋಡಿದ ಬಹುಪಾಲು ಜಾಹೀರಾತುಗಳಲ್ಲಿ ಇದ್ದದ್ದು ಬಿ2 ಅಥವಾ ಅದಕ್ಕೂ ಮೇಲೆ. ಗ್ರಾಹಕ ಸೇವೆ, ಇನ್‌ವಾಯ್ಸ್ ಮತ್ತು ಲೆಕ್ಕಪತ್ರ, ಕಂಟೆಂಟ್ ಪರಿಶೀಲನೆ, ಅನುವಾದ ಇವು ಸಾಮಾನ್ಯ ಕೆಲಸಗಳು. ಗಮನಿಸಿ, ಬರೀ ಭಾಷೆ ಸಾಲದು. ಬಿ.ಕಾಂ. ಜೊತೆ ಸ್ಪ್ಯಾನಿಷ್, ನರ್ಸಿಂಗ್ ಜೊತೆ ಸ್ಪ್ಯಾನಿಷ್, ಟೆಸ್ಟಿಂಗ್ ಜೊತೆ ಸ್ಪ್ಯಾನಿಷ್, ಹೀಗೆ ಇನ್ನೊಂದು ಕೆಲಸ ಗೊತ್ತಿದ್ದರೆ ಭಾಷೆಗೆ ಬೆಲೆ.

ಶಿಫ್ಟಿನ ಸಮಯವನ್ನೂ ಮೊದಲೇ ಕೇಳಿಕೊಳ್ಳಿ. ಮೆಕ್ಸಿಕೊ ಸಿಟಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಅರ್ಜೆಂಟೀನಾ ಎಂಟೂವರೆ ಗಂಟೆ ಹಿಂದೆ. ಅವರ ಬೆಳಗು ಎಂದರೆ ನಮ್ಮ ರಾತ್ರಿ. ಸ್ಪೇನ್ ಆದರೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ, ಹಗಲಿನ ಪಾಳಿ ಸಾಧ್ಯ.

‘ಅನುವಾದ ಈಗ ಮೊಬೈಲೇ ಮಾಡುತ್ತದಲ್ಲ’ ಎನ್ನುವವರಿದ್ದಾರೆ. ಹೌದು, ಮಾಡುತ್ತದೆ. ಎ2 ಮಟ್ಟದ ಕೆಲಸವನ್ನು ಮೊಬೈಲ್ ಕ್ಷಣದಲ್ಲಿ ಮಾಡಿ ಮುಗಿಸುತ್ತದೆ. ಅದಕ್ಕೇ ಅರ್ಧಕ್ಕೆ ನಿಲ್ಲಬೇಡಿ ಎನ್ನುವುದು. ಯಂತ್ರ ಕೊಟ್ಟ ವಾಕ್ಯದಲ್ಲಿ ‘ಬರುತ್ತಾನೆ’ ಇರಬೇಕಿತ್ತೋ, ‘ಬಂದಾನು’ ಇರಬೇಕಿತ್ತೋ, ಸಿಟ್ಟಿನಲ್ಲಿರುವ ಗ್ರಾಹಕನಿಗೆ ‘ತೂ’ ಎಂದಿತೋ ‘ಉಸ್ತೆದ್’ ಎಂದಿತೋ ಎಂದು ನೋಡಿ ತಿದ್ದಬಲ್ಲವರಿಗೆ ಕೆಲಸ ಉಳಿದಿದೆ.

ಪರೀಕ್ಷೆಗಳಲ್ಲಿ ಹೆಚ್ಚು ಹೆಸರಿರುವುದು ‘ಡೆಲೆ’. ಸ್ಪೇನ್‌ನ ಶಿಕ್ಷಣ ಸಚಿವಾಲಯದ ಪರವಾಗಿ ಸೆರ್ವಾಂತೆಸ್ ಸಂಸ್ಥೆ ಇದನ್ನು ಕೊಡುತ್ತದೆ. 1991ರಲ್ಲಿ ಶುರುವಾದ ಈ ಸಂಸ್ಥೆಯ ಕೇಂದ್ರ ದೆಹಲಿಯಲ್ಲೂ ಇದೆ. ಬಿ2ರಲ್ಲಿ ಓದು ಮತ್ತು ಬರಹ ಸೇರಿ 50 ಅಂಕ, ಆಲಿಸುವಿಕೆ ಮತ್ತು ಮಾತು ಸೇರಿ 50. ಎರಡರಲ್ಲೂ ತಲಾ 30 ಬರಲೇಬೇಕು. ಬರಹದಲ್ಲಿ 45 ತೆಗೆದು ಮಾತಿನಲ್ಲಿ 25 ಬಂದರೆ ಪಾಸಿಲ್ಲ. ಡೆಲೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ‘ಸಿಯೆಲೆ’ ಎಂಬ ಇನ್ನೊಂದು ಪರೀಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಬರೆಯಬಹುದು, ಅದು ಐದು ವರ್ಷ ಚಾಲ್ತಿ. ಈ ಭಾಷೆಯನ್ನೇ ಪದವಿಯಾಗಿ ಓದಬೇಕೆನ್ನುವ ಪಿಯುಸಿ ವಿದ್ಯಾರ್ಥಿಗಳಿಗೆ ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಿವೆ. ಎರಡೂ ಕೇಂದ್ರೀಯ ವಿಶ್ವವಿದ್ಯಾಲಯಗಳು.

ಸ್ಪ್ಯಾನಿಷ್‌ನಲ್ಲಿ ಬರುವ ಉದ್ಯೋಗ ಜಾಹೀರಾತಿನಲ್ಲಿ ಒಂದು ವಾಕ್ಯ ಪದೇಪದೇ ಕಾಣುತ್ತದೆ: ‘ಸೆ ಬುಸ್ಕಾ ಪೆರ್ಸೋನಾ ಕೆ ಆಬ್ಲೆ ಎಸ್ಪಾಞೋಲ್’. ಸ್ಪ್ಯಾನಿಷ್ ಮಾತಾಡುವಂಥ ವ್ಯಕ್ತಿ ಬೇಕಾಗಿದ್ದಾರೆ. ಇಲ್ಲಿ ‘ಮಾತಾಡುತ್ತಾರೆ’ ಎಂಬುದಕ್ಕೆ ‘ಆಬ್ಲಾ’ ಅಲ್ಲ, ‘ಆಬ್ಲೆ’. ಅಂಥವರು ಇದ್ದಾರೋ ಇಲ್ಲವೋ ಕಂಪನಿಗೆ ಇನ್ನೂ ಗೊತ್ತಿಲ್ಲ, ಅದಕ್ಕೆ ಸುಬ್‌ಹುಂತೀವೊ. ಕೆಲಸ ಹುಡುಕುವ ನಾವೆಲ್ಲ ಸದ್ಯಕ್ಕೆ ಆ ‘ಆಬ್ಲೆ’ಯಲ್ಲೇ ಇದ್ದೇವೆ.

ಹೈಸ್ಕೂಲಿನಲ್ಲೇ ಸಿಕ್ಕಿದ್ದರೆ

ನಾನು ಎಸ್ಸೆಸ್ಸೆಲ್ಸಿ ಬರೆದಾಗ 625 ಅಂಕಗಳಲ್ಲಿ 325 ಮೂರು ಭಾಷೆಗಳದ್ದೇ. ಅರ್ಧಕ್ಕಿಂತ ಹೆಚ್ಚು. ಅಷ್ಟು ಭಾಷೆ ಓದಿಯೂ ‘ನನಗೆ ಭಾಷೆ ಕಲಿಯಲು ಬರುತ್ತದೆ’ ಎಂಬ ಧೈರ್ಯ ನಮ್ಮಲ್ಲಿ ಹುಟ್ಟುವುದಿಲ್ಲ. ವಿಭಕ್ತಿ, ಅರ್ಥರೂಪ, ಲಿಂಗ, ವಚನ ಎಲ್ಲವೂ ಒಂದು ಅಂಕದ ಪ್ರಶ್ನೆಗಳಾಗಿ ಪರೀಕ್ಷೆಯ ಮರುದಿನ ಮರೆತುಹೋಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲಾ ಹಂತದಲ್ಲಿ ಕೊಡಬಹುದಾದ ವಿದೇಶಿ ಭಾಷೆಗಳ ಹೆಸರು ಹೇಳುವಾಗ ಕೊರಿಯನ್, ಜಪಾನೀಸ್, ಫ್ರೆಂಚ್, ಜರ್ಮನ್‌ಗಳ ಜೊತೆ ಸ್ಪ್ಯಾನಿಷ್ ಅನ್ನೂ ಸೇರಿಸಿದೆ. ಅದು ಸರ್ಕಾರಿ ಶಾಲೆಯ ಬೆಂಚಿಗೆ ಯಾವಾಗ ಬಂದೀತೋ ಹೇಳಲಾಗದು. ಆದರೆ ಕನ್ನಡ ವ್ಯಾಕರಣದ ಪಾಠ ಇಂದೂ ಇದೆ. ‘ಇದು ಮುಂದೆ ಯಾವ ಭಾಷೆ ಕಲಿತರೂ ಕೆಲಸಕ್ಕೆ ಬರುತ್ತದೆ’ ಎಂದು ಮೇಷ್ಟರು ಒಂದು ಮಾತು ಹೇಳಿದರೆ ಎಷ್ಟೋ ಮಕ್ಕಳು ಬೇರೆ ರೀತಿ ಓದಿಯಾರು.

ನಮ್ಮ ಊರೇ ಭಾಷೆ ಕಲಿಸುವ ಊರು. ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವಿದೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಿಕ್ಷಕರು ಬಂದು ಹತ್ತು ತಿಂಗಳಲ್ಲಿ ಕನ್ನಡ ಓದಿ, ಬರೆದು, ಮಾತಾಡಿ ಹೋಗುತ್ತಾರೆ. ಮೂವತ್ತು, ನಲವತ್ತು ದಾಟಿದವರು ಅ ಆ ಇ ಈಯಿಂದ ಶುರು ಮಾಡಿ ಕನ್ನಡ ಕಲಿಯುವುದಾದರೆ, ಇಪ್ಪತ್ತರ ನಮಗೆ ಏನು ಕಷ್ಟ?

ಶುರು ಮಾಡುವವರಿಗೆ ನಾನು ಹೇಳುವುದಿಷ್ಟೇ. ಪದಗಳನ್ನು ಮೊದಲ ಮೂರು ತಿಂಗಳು ಕನ್ನಡ ಲಿಪಿಯಲ್ಲೂ ಬರೆದುಕೊಳ್ಳಿ, ಉಚ್ಚಾರಣೆ ಕೂರುತ್ತದೆ. ಸ್ಪ್ಯಾನಿಷ್ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಬೇಡಿ, ಮನೆಯ ಕನ್ನಡಕ್ಕೆ ತಿರುಗಿಸಿ. ಹತ್ತನೇ ತರಗತಿಯ ಕನ್ನಡ ವ್ಯಾಕರಣ ಪುಸ್ತಕ ರದ್ದಿಗೆ ಹಾಕಿದ್ದರೆ ಇನ್ನೊಂದು ಹುಡುಕಿಕೊಳ್ಳಿ. ಡೆಲೆಯ ಮಾದರಿ ಪ್ರಶ್ನೆಪತ್ರಿಕೆಗಳು ಸೆರ್ವಾಂತೆಸ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಫೀಸು ಕಟ್ಟುವ ಮೊದಲು ಒಂದನ್ನು ಬಿಡಿಸಿ ನೋಡಿ. ಎ2ಕ್ಕೆ ನಿಲ್ಲಿಸುವುದಿದ್ದರೆ ಖುಷಿಗೆ ಕಲಿಯಿರಿ, ಕೆಲಸಕ್ಕೆಂದಾದರೆ ಬಿ2ರ ತನಕದ ಸಮಯ, ದುಡ್ಡು ಎರಡನ್ನೂ ಲೆಕ್ಕ ಹಾಕಿಯೇ ಇಳಿಯಿರಿ. ಸಂಜೆ ತರಗತಿಗಳಲ್ಲೇ ಕಲಿತ ನನಗೆ ಇಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು.

ನನ್ನ ಕನ್ನಡ ಟಿಪ್ಪಣಿಗಳ ಪುಸ್ತಕ ಈಗ ಎ1 ಬ್ಯಾಚಿನ ಇಬ್ಬರು ಹುಡುಗಿಯರ ಕೈಯಲ್ಲಿದೆ. ಒಬ್ಬಳು ಪಿರಿಯಾಪಟ್ಟಣದವಳು, ಇನ್ನೊಬ್ಬಳು ಎಚ್.ಡಿ. ಕೋಟೆಯವಳು. ಇಬ್ಬರೂ ಕನ್ನಡ ಮೀಡಿಯಂ. ಬರುವ ನವೆಂಬರ್‌ನಲ್ಲಿ ನಾನು ಬಿ2 ಪರೀಕ್ಷೆ ಬರೆಯುತ್ತಿದ್ದೇನೆ. ಪರೀಕ್ಷೆಗೆ ಕಟ್ಟಿದ ಹಣದಲ್ಲಿ ಅರ್ಧ ನನ್ನ ಸಂಬಳದ್ದು, ಅರ್ಧ ಈ ಸಲದ ಹೊಗೆಸೊಪ್ಪಿನದ್ದು. ಕೊಡುವಾಗ ಅಪ್ಪ ಹೆಚ್ಚೇನೂ ಹೇಳಲಿಲ್ಲ. ‘ಒಳ್ಳೇದಾಗ್ಲಿ’ ಅಂದರು.